ಹುಳದ ಮನೆಯ ಒಗ್ಗರಣೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಅನ್ನುವ ಗಾದೆಯನ್ನು ಎಲ್ಲರೂ ತಮಾಷೆಗೆ ಹೇಳುತ್ತಾರೆ. ನಮ್ಮತ್ತೆ ಚಿಕ್ಕಲಕ್ಷ್ಮಮ್ಮನವರು ಮಾತ್ರ ಅದನ್ನು ಕಾನೂನಿನ ಹಾಗೆ ಹೇಳುತ್ತಾರೆ. ನಾನು ಬಸುರಿ ಅಂತ ಗೊತ್ತಾದ ವಾರದಲ್ಲೇ ಮಾಗಡಿ ಕಡೆಯ ಕೆಂಪಾಪುರದಿಂದ ಬಸ್ಸು ಹತ್ತಿ ಹಾರೋಹಳ್ಳಿಗೆ ಬಂದವರು, ನಮ್ಮ ಬಾಡಿಗೆ ಮನೆಯ ಹೊಸ್ತಿಲ ಒಳಗೆ ಕಾಲಿಡುವ ಮುಂಚೆಯೇ ಶುರು ಮಾಡಿದರು.

"ನೋಡವ್ವ ಸೌಮ್ಯ, ಮಗ ಹುಟ್ಟೋಗಂಟ ಹೊಸದು ಅಂತ ಒಂದು ದಾರದ ಎಳೇನೂ ಮನೆಗೆ ತರಬಾರ್ದು. ತೊಟ್ಲು ತರಬಾರ್ದು, ಬಟ್ಟೆ ತರಬಾರ್ದು, ಹೆಸ್ರು ಯೋಚ್ನೆ ಮಾಡಬಾರ್ದು."

"ಯೋಚ್ನೇನೂ ಮಾಡಬಾರ್ದಾ ಅತ್ತೆ?"

"ಮಾಡಿದ್ರೂ ಬಾಯ್ಬುಟ್ಟು ಹೇಳಬಾರ್ದು."

ಇವರು, ಅಂದರೆ ನನ್ನ ಗಂಡ ನಟರಾಜು, ಗೋಡೆ ಕಡೆ ತಿರುಗಿ ನಗು ನುಂಗುತ್ತಿದ್ದರು. ಆ ಹೊತ್ತಿಗಾಗಲೇ ಇವರು ಗಂಡಿಗೊಂದು ಹೆಣ್ಣಿಗೊಂದು ಹೆಸರು ಯೋಚಿಸಿ, ಬಾಯಿ ಬಿಟ್ಟು ಹೇಳಿ, ನನ್ನ ಹತ್ತಿರ ಬೈಸಿಕೊಂಡೂ ಆಗಿತ್ತು.

ಅದು ಎರಡು ಸಾವಿರದ ಆರನೇ ಇಸವಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿದ್ದ ಕಾಲ. ಇವರು ಪ್ಲಾಸ್ಟಿಕ್ ಬಕೆಟ್ಟು, ಟಬ್ಬು ಮಾಡುವ ಕಾರ್ಖಾನೆಯಲ್ಲಿ ಮೆಷಿನ್ ಮೇಲಿದ್ದರು. ಅಂಚು ಸೊಟ್ಟಗಾದ ಮಾಲನ್ನು ಕೆಲಸಗಾರರಿಗೇ ಕೊಟ್ಟುಬಿಡುತ್ತಿದ್ದರು. ನನಗೆ ಐದು ತಿಂಗಳಾದಾಗ ಇವರು ಒಂದು ನೀಲಿ ಟಬ್ಬು ಹೊತ್ತುಕೊಂಡು ಬಂದರು. ಕೂಸನ್ನು ಕೂರಿಸಿ ನೀರು ಹಾಕುವುದಕ್ಕೆ ಹೇಳಿ ಮಾಡಿಸಿದ ಅಳತೆ.

"ಅತ್ತೆ ನೋಡಿದ್ರೆ?" ಅಂದೆ.

"ಇದು ಈರುಳ್ಳಿಗೆ ಕಣೇ," ಅಂದು ಎರಡು ಕೆಜಿ ಈರುಳ್ಳಿ, ಒಂದಿಷ್ಟು ಬೆಳ್ಳುಳ್ಳಿ ಅದರೊಳಗೆ ಸುರಿದು ಅಟ್ಟಕ್ಕೆ ಏರಿಸಿದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಈರುಳ್ಳಿಗೆ ಸಿಕ್ಕ ಮರ್ಯಾದೆ ಯಾವ ಮನೆಯಲ್ಲೂ ಸಿಕ್ಕಿರಲಾರದು.

ಬಟ್ಟೆಗೆ ಪಕ್ಕದ ಮನೆಯ ರೋಶನ್ ಬೀ ದಾರಿ ತೋರಿಸಿದರು. ಒಗೆದು ಒಗೆದು ಹತ್ತಿಯಷ್ಟು ಮೆತ್ತಗಾಗಿದ್ದ ಎರಡು ಜಬಲಾ ತಂದು ನನ್ನ ಮಡಿಲಿಗೆ ಹಾಕಿ, "ನಮ್ಮ ಮೊಮ್ಮಕ್ಕಳು ನಾಲ್ಕೂ ಇದ್ರಲ್ಲೇ ಬೆಳೆದಿದ್ದಮ್ಮಾ. ಹಳೇದಕ್ಕೆ ನಿಮ್ಮತ್ತೆ ಏನೂ ಅನ್ನಲ್ಲ," ಅಂದರು. ಅತ್ತೆ ನಿಜಕ್ಕೂ ಏನೂ ಅನ್ನಲಿಲ್ಲ. ನಾಲ್ಕು ಮಕ್ಕಳು ಹಾಕಿ ಗಟ್ಟಿಯಾಗಿ ಬೆಳೆದ ಬಟ್ಟೆ ಅಂದರೆ ಅವರ ಲೆಕ್ಕದಲ್ಲಿ ಅದು ಆಶೀರ್ವಾದವೇ.

ಇಷ್ಟೆಲ್ಲ ಸರಿಹೋಗುತ್ತಿದ್ದರೂ ನನ್ನ ಮನಸ್ಸಿನಲ್ಲಿ ಒಂದೇ ಒಂದು ಮುಳ್ಳು ಇತ್ತು. ನಮ್ಮ ಕಡೆ ಚೊಚ್ಚಲು ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ತವರಿನವರು ಬಂದು, ಮಡಿಲು ತುಂಬಿ, ಕರೆದುಕೊಂಡು ಹೋಗಬೇಕು. ಎಂಟರಲ್ಲಿ ಕದಲಿಸುವ ಹಾಗಿಲ್ಲ. ಕರೆಯದೆ ಹೋಗುವ ಹಾಗಂತೂ ಇಲ್ಲವೇ ಇಲ್ಲ. ನನ್ನನ್ನು ಕರೆಯುವವರು ಯಾರು? ನಾನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅಕ್ಕತಂಗಿ ಇಲ್ಲ, ಅತ್ತಿಗೆ ಇಲ್ಲ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಹತ್ತಿರ ನಮ್ಮಪ್ಪ ಮರಿಯಪ್ಪ ಒಬ್ಬನೇ, ಅವನ ಜೊತೆಗೆ ರೇಷ್ಮೆ ಹುಳ.

ಹುಳ ಅಂದರೆ ಬರೀ ಹುಳವಲ್ಲ. ನಮ್ಮ ಮನೆಯ ಯಜಮಾನಿಕೆ ಅದರದ್ದೇ. ನಡುಮನೆ ಹುಳದ್ದು, ಜಗುಲಿ ನಮ್ಮದು. ಹುಳಕ್ಕೆ ಹೊಗೆ ಆಗದು, ಘಾಟು ಆಗದು. ಹಾಗಾಗಿ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚಿದ್ದು ನಾನು ನೋಡಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಹಾಕಬೇಕಾದರೆ ಅವ್ವ ಹಿತ್ತಲಿನ ಆ ಮೂಲೆಗೆ, ಹುಣಸೆ ಮರದ ಬುಡಕ್ಕೆ, ಬಾಣಲೆ ಹೊತ್ತುಕೊಂಡು ಹೋಗಬೇಕಿತ್ತು. ಗಾಳಿ ಇತ್ತ ತಿರುಗಿ ಒಂಚೂರು ವಾಸನೆ ಬಂದರೂ ಅಪ್ಪ ಎಲ್ಲಿದ್ದರೂ ಓಡಿಬಂದು ನಡುಮನೆಯ ಬಾಗಿಲು ದಬಾರನೆ ಹಾಕುತ್ತಿದ್ದ. ನನಗೆ ಜ್ವರ ಬಂದರೆ ಅಪ್ಪ ಹಣೆ ಮುಟ್ಟಿ ನೋಡಿ ಸುಮ್ಮನಾಗುತ್ತಿದ್ದ. ಹುಳಕ್ಕೆ ಜ್ವರ ಬಂದರೆ, ಅಂದರೆ ಅವು ಮೇವು ಬಿಟ್ಟು ತಲೆ ಎತ್ತಿ ಪೊರೆ ಕಳಚಲು ಮಲಗಿದರೆ, ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವ ಹಾಗಿರಲಿಲ್ಲ.

ಏಳನೇ ತಿಂಗಳು ಶುರುವಾಯಿತು. ಅಪ್ಪ ಬರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಕೊನೆಗೆ ಇವರ ಮೊಬೈಲಿನಿಂದ ನಮ್ಮೂರಿನ ರಾಮಲಿಂಗಯ್ಯನ ಮನೆಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ.

"ಹುಳ ಐತೆ ಕಣವ್ವ," ಅಂದ ಅಪ್ಪ. "ನಾಲ್ಕನೇ ಜ್ವರದಲ್ಲವೆ. ಎದ್ಮೇಲೆ ಒಂದು ವಾರ ಮೇವು ಹಾಕೋಕೆ ಪುರುಸೊತ್ತಿರಲ್ಲ. ಈಗ ಬರಾಕಾಗಾಕಿಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. ಅದರ ಮೇಲೆ ಬಸುರಿನ ಕೋಪ ಬೇರೆ.

"ಹಂಗಾದ್ರೆ ಅವನ್ನೇ ಮಕ್ಕಳು ಅಂದ್ಕೊಂಡು ಇದ್ಬುಡು," ಅಂದೆ. "ಅವ್ವ ಇದ್ದಿದ್ರೆ ನಾನು ಹಿಂಗೆ ಫೋನ್ ಮಾಡಿ ಕೇಳ್ಕೊಬೇಕಿತ್ತಾ? ಇನ್ನು ನೀನು ಕರೆಯೋಕೂ ಬರಬೇಡ."

ಅಪ್ಪ ಫೋನನ್ನು ಹುಷಾರಾಗಿ ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು. ಬೈದು ಕುಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಅವ್ವ ನನಗೇ ಹೇಳುತ್ತಿದ್ದಳು. ಅವತ್ತು ಇಡೀ ಸಾಯಂಕಾಲ ನಾನು ಅಳುತ್ತಾ ಇದ್ದೆ. ಇವರು ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಕೊಡುತ್ತಿದ್ದರು. ಅಳುತ್ತಲೇ ಎಲ್ಲಾ ತಿಂದೆ.

ಎಂಟನೇ ತಿಂಗಳು ಪೂರ್ತಿ ಅಪ್ಪನಿಂದ ಸುದ್ದಿಯಿಲ್ಲ. ನಾನೂ ಫೋನ್ ಮಾಡಲಿಲ್ಲ. ನಾನು ಅವನ ಮಗಳೇ ಅಲ್ಲವೇ?

ಇವರು ಆಗ ಒಂದು ತೀರ್ಮಾನಕ್ಕೆ ಬಂದರು. "ಯಾರೂ ಬೇಡ, ಬಾಣಂತನ ನಾನೇ ಮಾಡ್ತೀನಿ. ರಜ ಹಾಕ್ತೀನಿ. ಮೆಷಿನ್ ಕಲ್ತವ್ನಿಗೆ ಇದೇನು ಮಹಾ?"

ರೋಶನ್ ಬೀ ಹತ್ತಿರ ಪಾಠ ಶುರುವಾಯಿತು. ಕೂಸಿನ ಕುತ್ತಿಗೆಗೆ ಕೈ ಹೇಗೆ ಕೊಡಬೇಕು, ಕಾಲ ಮೇಲೆ ಹೇಗೆ ಮಲಗಿಸಿ ನೀರು ಹಾಕಬೇಕು, ಬಟ್ಟೆ ಹೇಗೆ ಕಟ್ಟಬೇಕು. ಅಭ್ಯಾಸಕ್ಕೆ ಕೂಸು ಬೇಕಲ್ಲ. ಸಂತೆಯಿಂದ ಒಂದು ಸೋರೆಕಾಯಿ ತಂದರು. ಡ್ಯೂಟಿಯಿಂದ ಬಂದು ಕೈ ತೊಳೆದವರೇ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನನ್ನ ಹಳೇ ಸೀರೆಯ ತುಂಡು ಸುತ್ತಿ ಕಟ್ಟುವುದು, ಬಿಚ್ಚುವುದು. ಮೂರನೇ ದಿನಕ್ಕೆ ಕೈ ಕುದುರಿತು. ನಾಲ್ಕನೇ ದಿನ ಹೇಳದೆ ಕೇಳದೆ ಅತ್ತೆ ಬಂದರು.

ಚಾಪೆಯ ಮೇಲೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಸೋರೆಕಾಯಿಯನ್ನು ಅವರು ಒಂದು ಗಳಿಗೆ ನೋಡಿದರು.

"ಇದೇನ್ಲಾ ನಟ?"

"ಸೋರೆಕಾಯಿ ಕಣವ್ವ."

"ಸೋರೆಕಾಯಿ ಅಂತ ನಂಗೂ ಕಾಣ್ತದೆ. ಅದ್ಯಾಕ್ಲಾ ಚಡ್ಡಿ ಹಾಕ್ಕೊಂಡೈತೆ?"

ಇವರ ಉತ್ತರಕ್ಕೆ ಕಾಯದೆ ಅತ್ತೆ ಆ ಬಟ್ಟೆ ಬಿಚ್ಚಿ ಒಗೆಯಲು ಹಾಕಿ, ಸೋರೆಕಾಯಿಯನ್ನು ಹೆಚ್ಚಿ ಸಾರು ಮಾಡಿಬಿಟ್ಟರು. ಇವರಿಗೆ ಆ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಊಟ ಆದಮೇಲೆ ಅತ್ತೆ ನನ್ನ ಪಕ್ಕ ಕೂತರು. "ನಿಮ್ಮಪ್ಪ ಒಂಬತ್ತರಲ್ಲಿ ಬತ್ತಾರಾ?"

"ಗೊತ್ತಿಲ್ಲ ಅತ್ತೆ."

"ಬರದಿದ್ರೆ ಕೆಂಪಾಪುರಕ್ಕೆ ಬಾ, ನಾನು ನೋಡ್ಕೊತೀನಿ. ಚೊಚ್ಚಲಿಗೆ ಅತ್ತೆ ಮನೇಲಿ ಹೆತ್ಲು, ತವರಿಗೆ ಬೇಡವಾದ್ಲು ಅಂತ ನಾಕು ಜನ ಅಂತಾರೆ. ಅನ್ಲಿ, ಆಯ್ತದೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ತವರಿಗೆ ಬೇಡವಾದ್ಲು ಅನ್ನುವುದೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಕೂಸು ಎಲ್ಲಿ ಹುಟ್ಟಿದರೂ ಹುಟ್ಟುತ್ತದೆ. ನನಗೊಂದು ತವರಿದೆಯೋ ಇಲ್ಲವೋ ಅನ್ನುವುದು ಮಾತ್ರ ಆ ತಿಂಗಳು ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ನನಗೆ ಭಯ.

ಒಂಬತ್ತು ಬಿದ್ದ ಮೊದಲ ಭಾನುವಾರ ಬೆಳಿಗ್ಗೆ ಅಪ್ಪ ಬಂದ.

ಬಿಳಿ ಪಂಚೆ, ಇಸ್ತ್ರಿ ಕಾಣದ ಬಿಳಿ ಅಂಗಿ. ಕೈಯಲ್ಲಿ ಒಂದು ಚೀಲ. ಅದರೊಳಗೆ ಒಂದು ಸೀರೆ, ಹಸಿರು ಬಳೆ, ಅಕ್ಕಿ, ಬೆಲ್ಲ, ಕೊಬ್ಬರಿ, ಬಸ್ಸಿನಲ್ಲಿ ಬಾಡಿದ ಮಲ್ಲಿಗೆ. ಕೈ ಬೆರಳುಗಳ ಸಂದಿಯಲ್ಲಿ ಸುಣ್ಣ ಹತ್ತಿ ಚರ್ಮ ಬಿರಿದಿತ್ತು. ಒಳಗೆ ಬರದೆ ಬಾಗಿಲಲ್ಲೇ ನಿಂತ. ನಾನು ಬರಬೇಡ ಅಂದಿದ್ದೆನಲ್ಲ.

"ಕರೆಯೋಕೆ ಬಂದಿವ್ನಿ ಕಣವ್ವ. ಬತ್ತೀಯಾ?"

ಒಂದೂವರೆ ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಕಾಫಿ ಕುಡೀತೀಯಾ ಅಪ್ಪ?" ಅಂದೆ. ಅಷ್ಟೇ.

ಅತ್ತೆ ಹಿಂದಿನ ದಿನವೇ ಬಂದು ಕೂತಿದ್ದರು. ಅಪ್ಪ ಬರದಿದ್ದರೆ ನನ್ನನ್ನು ಕೆಂಪಾಪುರಕ್ಕೆ ಕರೆದೊಯ್ಯುವುದಕ್ಕೆ. ಅಪ್ಪ ತಂದದ್ದರಿಂದ ಅವರೇ ನನ್ನ ಮಡಿಲು ತುಂಬಿದರು. ಈಗ ಅವರದು ಬೇರೆ ಚಿಂತೆ. "ಬೀಗ್ರೇ, ತಪ್ಪು ತಿಳ್ಕೊಬೇಡಿ. ಹೆಂಗಸ್ರಿಲ್ಲದ ಮನೆಗೆ ತುಂಬು ಬಸುರೀನ ಹೆಂಗೆ ಕಳುಸ್ಲಿ? ನಾನೂ ಬಂದು ನೋಡ್ತೀನಿ. ಸರಿ ಕಾಣದಿದ್ರೆ ಸಾಯಂಕಾಲ ವಾಪಸ್ ಕರ್ಕೊಂಡು ಹೊಂಟೋಯ್ತೀನಿ."

"ಬನ್ನಿ ಅಮ್ಮಾ," ಅಂದ ಅಪ್ಪ. "ನೋಡಿ."

ಇವರ ಗೆಳೆಯನ ಓಮ್ನಿಯಲ್ಲಿ ಹೊರಟೆವು. ಈರುಳ್ಳಿ ತುಂಬಿದ ನೀಲಿ ಟಬ್ಬನ್ನು ಇವರು ಹಿಂದೆ ಇಟ್ಟರು. "ಅದ್ಯಾಕ್ಲಾ?" ಅಂದರು ಅತ್ತೆ. "ಮಾವನ ಮನೇಲಿ ಈರುಳ್ಳಿ ಇರ್ತದೋ ಇಲ್ವೋ," ಅಂದರು ಇವರು. ಕನಕಪುರ ದಾಟಿ ಚನ್ನಪಟ್ಟಣದವರೆಗೂ ಅಪ್ಪ ಮುಂದಿನ ಸೀಟಿನಲ್ಲಿ ರಸ್ತೆಯನ್ನೇ ನೋಡುತ್ತಾ ಕೂತ. ಹಳ್ಳ ಬಂದಾಗಲೆಲ್ಲ, "ಒಸಿ ನಿಧಾನ, ಒಸಿ ನಿಧಾನ," ಅನ್ನುತ್ತಿದ್ದ. ರೇಷ್ಮೆ ಗೂಡಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗುವಾಗಲೂ ಡ್ರೈವರಿಗೆ ಹಾಗೇ ಹೇಳುತ್ತಿದ್ದುದು ನನಗೆ ನೆನಪಾಯಿತು.

ಊರು ಸಿಕ್ಕಿತು. ನಮ್ಮ ಹಿಪ್ಪುನೇರಳೆ ತೋಟದಲ್ಲಿ ರಾಮಲಿಂಗಯ್ಯ ಸೊಪ್ಪು ಕೊಯ್ಯುತ್ತಿದ್ದ. ನಮ್ಮ ತೋಟದಲ್ಲಿ ಅವನಿಗೇನು ಕೆಲಸ? ಅಂಗಳಕ್ಕೆ ಬಂದರೆ ಹುಳದ ಬಿದಿರಿನ ತಟ್ಟೆಗಳೆಲ್ಲ ತೊಳೆದು ಗೋಡೆಗೆ ಒರಗಿಸಿದ್ದವು.

"ಹುಳ ಎಲ್ಲಪ್ಪಾ?"

"ಆ ಬೆಳೆ ಆದ್ಮೇಲೆ ಹುಳದ ಮೊಟ್ಟೆ ತರಲಿಲ್ಲ ಕಣವ್ವ," ಅಂದ ಅಪ್ಪ, ನನ್ನ ಮುಖ ನೋಡದೆ. "ಸೊಪ್ಪು ಸುಮ್ಕೆ ಹಾಳಾಯ್ತದೆ ಅಂತ ರಾಮಲಿಂಗಯ್ಯಂಗೆ ಕುಯ್ಕೊ ಅಂದೆ."

ನನಗೆ ಬುದ್ಧಿ ತಿಳಿದಾಗಿನಿಂದ ಆ ಮನೆಯಲ್ಲಿ ಹುಳವಿಲ್ಲದ ತಿಂಗಳು ಇರಲಿಲ್ಲ. ಅವ್ವ ಸತ್ತ ತಿಂಗಳಲ್ಲೂ ಇತ್ತು.

ಅಪ್ಪ ನಡುಮನೆಯ ಬಾಗಿಲು ತೆಗೆದ. ಹೊಸ್ತಿಲ ಈಚೆ ಒಂದು ಗೋಣಿತಾಟು, ಅದರ ಮೇಲೆ ಸುಣ್ಣದ ಪುಡಿ. ಪಕ್ಕದಲ್ಲಿ ನೀರಿನ ಬೋಗುಣಿ, ಸೋಪು, ಒಗೆದ ಟವೆಲು. ಹುಳಕ್ಕೆ ರೋಗ ತಗುಲದ ಹಾಗೆ ಒಳಗೆ ಹೋಗುವವರು ಕೈ ತೊಳೆದು, ಸುಣ್ಣ ತುಳಿದು ಹೋಗಬೇಕು ಅನ್ನುವುದು ಹುಳದ ಮನೆಯ ನಿಯಮ. ಒಳಗೆ ಗೋಡೆಗೆಲ್ಲ ಹೊಸ ಸುಣ್ಣ. ಗಾಳಿ ನೇರ ಬಡಿಯದ ಹಾಗೆ ಕಿಟಕಿಗೆ ಚಾಪೆ. ಮೂಲೆಯಲ್ಲಿ ಇದ್ದಲಿನ ಒಲೆ. ಹುಳದ ಮನೆಯ ಕಾವು ನೋಡುವ ಥರ್ಮಾಮೀಟರು ಗೋಡೆಯ ಮೇಲೆ ಒರೆಸಿ ತೂಗುಹಾಕಿತ್ತು. ನಡುವೆ ಅವ್ವನ ಮಂಚ. ಅದರ ನಾಲ್ಕು ಕಾಲೂ ನಾಲ್ಕು ನೀರಿನ ಬಟ್ಟಲುಗಳಲ್ಲಿ ನಿಂತಿದ್ದವು, ಹುಳದ ತಟ್ಟೆಯ ಸ್ಟ್ಯಾಂಡಿಗೆ ಇರುವೆ ಹತ್ತದ ಹಾಗೆ ಇಡುತ್ತೇವಲ್ಲ, ಹಾಗೇ. ಮಂಚದ ಪಕ್ಕ ಮಣ್ಣಿನ ಧೂಪದ ಬಟ್ಟಲು, ಒಂದು ಪೊಟ್ಟಣ ಸಾಂಬ್ರಾಣಿ.

ನನಗೆ ನಗುವೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೇ ಬಂದದ್ದರಿಂದ ಉಸಿರು ಸಿಕ್ಕಿಕೊಂಡು ಬಿಕ್ಕಳಿಕೆ ಶುರುವಾಯಿತು. ಬಾಣಂತನ ಅಂದರೇನು ಅಂತ ಊರಿನ ಹೆಂಗಸರನ್ನು ಕೇಳಲು ನಾಚಿಕೆಪಟ್ಟ ಮನುಷ್ಯ, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ತಿಂಗಳಿಡೀ ಆ ಕೋಣೆಗೆ ಬಳಿದಿದ್ದ. ಇರುವೆಗಿಂತ ಸಣ್ಣ ಮರಿಯನ್ನು ಗೂಡು ಕಟ್ಟುವವರೆಗೆ ಸಾಕುವುದು ಅವನಿಗೆ ಗೊತ್ತಿತ್ತು.

ಅತ್ತೆ ಹೊಸ್ತಿಲಲ್ಲಿ ನಿಂತು ಒಂದೊಂದಾಗಿ ಎಲ್ಲವನ್ನೂ ನೋಡಿದರು. ಅವರ ಮುಖ ಬಿಗಿಯಾಯಿತು.

"ಬೀಗ್ರೇ, ಕೂಸು ಹುಟ್ಟೋ ಮುಂಚೆ ಇಷ್ಟೆಲ್ಲಾ ಮಾಡಿ ಇಟ್ಟಿದ್ದೀರಲ್ಲ. ಹಿಂಗೆ ಮಾಡಬಾರ್ದು ಅಂತ ನಿಮಗೆ ಹೇಳೋರು ಯಾರೂ ಇರಲಿಲ್ವಾ?"

ಯಾರೂ ಇರಲಿಲ್ಲ. ಇವರು ನನ್ನ ಕೈ ಹಿಡಿದುಕೊಂಡರು. ಓಮ್ನಿ ಇನ್ನೂ ಅಂಗಳದಲ್ಲೇ ನಿಂತಿತ್ತು. ವಾಪಸ್ ಹೊರಡಬೇಕಾಗುತ್ತದೆ ಅಂದುಕೊಂಡೆ.

ಅಪ್ಪ ಪಂಚೆಯ ತುದಿಯಲ್ಲಿ ಕೈ ಒರೆಸಿಕೊಂಡ.

"ಕೂಸಿಗೆ ನಾನು ಏನೂ ಮಾಡಿಲ್ಲ ಕಣಮ್ಮಾ. ಇದು ನನ್ ಮಗಳಿಗೆ. ಅವಳು ಹುಟ್ಟಿ ಇಪ್ಪತ್ಮೂರು ವರ್ಷ ಆಯ್ತಲ್ಲ?"

ಅತ್ತೆ ಮಂಚದ ಕಡೆ ನೋಡಿದರು.

"ಮೂರು ತಿಂಗಳ ಕೂಸು ಇವಳು," ಅಂದ ಅಪ್ಪ. "ಅವರವ್ವ ತವರಿಂದ ಎತ್ಕೊಂಡು ಬಂದಾಗ ಈ ನಡುಮನೆ ತುಂಬ ಹುಳ ಇದ್ವು. ಕೂಸಿಗೆ ನೀರು ಹಾಕಿ ಒಸಿ ಸಾಂಬ್ರಾಣಿ ಹೊಗೆ ಕೊಡ್ತೀನಿ ಅಂದ್ಲು. ಬೇಡ ಅಂದೆ. ಒಳಗೆ ಬೆಚ್ಚಗೆ ಮಲಗ್ತೀವಿ ಅಂದ್ಲು. ಅದೂ ಬೇಡ ಅಂದೆ. ತಾಯಿ ಮಗೂನ ಜಗುಲಿ ಮೇಲೆ ಗಾಳೀಲಿ ಮಲಗುಸ್ದೆ. ಅವಳು ಒಂದು ಮಾತೂ ಅನ್ನಲಿಲ್ಲ." ನನ್ನ ಕಡೆ ಕೈ ತೋರಿಸಿದ. "ಮೊನ್ನೆ ಇವಳು ಫೋನಲ್ಲಿ ಅಂದ್ಲು."

ನಾನು ಬೈದದ್ದು ಅವನಿಗೆ ನನ್ನ ಬೈಗುಳವಾಗಿ ಕೇಳಿಸಿರಲಿಲ್ಲ. ಇಪ್ಪತ್ಮೂರು ವರ್ಷದ ಹಿಂದೆ ಅವ್ವ ಆಡದೆ ಬಿಟ್ಟ ಮಾತಾಗಿ ಕೇಳಿಸಿತ್ತು. "ಅಪ್ಪ, ನಾನು ಕೋಪಕ್ಕೆ ಅಂದಿದ್ದು," ಅಂದೆ. ಬಿಕ್ಕಳಿಕೆಯಲ್ಲಿ ಅದು ಯಾರಿಗೂ ಸರಿಯಾಗಿ ಕೇಳಲಿಲ್ಲ.

ಅತ್ತೆ ತಮ್ಮ ಕಾಲು ನೋಡಿಕೊಂಡರು. ಹಿಂದೆ ಸರಿದು, ಬೋಗುಣಿಯ ನೀರಲ್ಲಿ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, ಸುಣ್ಣದ ಪುಡಿಯ ಮೇಲೆ ಎರಡೂ ಪಾದ ಊರಿ ಒಳಗೆ ಬಂದರು. ಮಂಚದ ಮೇಲೆ ಅಂಗೈ ಒತ್ತಿ ನೋಡಿದರು. ಥರ್ಮಾಮೀಟರನ್ನು ಇದೇನೋ ಅನ್ನುವ ಹಾಗೆ ಬೆರಳಿನಿಂದ ಮುಟ್ಟಿದರು.

"ನಟ," ಅಂದರು, "ಬರೋ ಭಾನುವಾರ ಬರುವಾಗ ಕೆಂಪಾಪುರಕ್ಕೆ ಹೋಗಿ ನಂದು ನಾಕು ಸೀರೆ ತಗೊಂಬಾ."

ಸೊಸೆಯ ತವರಿಗೆ ಅತ್ತೆಯೇ ಬಂದು ಬಾಣಂತನ ಮಾಡಿದ್ದು ನಮ್ಮ ಕಡೆ ಯಾರೂ ಕಂಡಿಲ್ಲ. ಕೆಂಪಾಪುರದಲ್ಲಿ ಆ ನಾಕು ಜನ ಏನು ಅಂದರೋ ನನಗೆ ಗೊತ್ತಿಲ್ಲ.

"ಹೊತ್ತಾಯ್ತು, ಬಸುರಿ ಹಸ್ಕೊಂಡಿರ್ತಾಳೆ," ಅಂತ ಅತ್ತೆ ನಡುಮನೆಗೆ ಅಂಟಿಕೊಂಡಿದ್ದ ಅಡುಗೆಮನೆಗೆ ನಡೆದರು. "ಬೆಳ್ಳುಳ್ಳಿ ಎಲ್ಲೈತೆ ಬೀಗ್ರೇ?"

ಬೆಳ್ಳುಳ್ಳಿ ಇರಲಿಲ್ಲ. ಥರ್ಮಾಮೀಟರು ನೆನಪಾದವನಿಗೆ ಬೆಳ್ಳುಳ್ಳಿ ನೆನಪಾಗಿರಲಿಲ್ಲ. ಇವರು ಓಡಿಹೋಗಿ ಟಬ್ಬು ಹೊತ್ತುಕೊಂಡು ಬಂದರು. ಅತ್ತೆ ಈರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ಮೊರಕ್ಕೆ ಸುರಿದು, ಖಾಲಿ ಟಬ್ಬನ್ನು ತಿರುಗಿಸಿ ತಿರುಗಿಸಿ ನೋಡಿ, "ತೊಳ್ದು ಬಿಸ್ಲಿಗೆ ಇಡ್ಲಾ, ಈರುಳ್ಳಿ ವಾಸ್ನೆ ಹೋಗ್ಲಿ," ಅಂದರು. ಇವರ ಮುಖ ನೋಡಬೇಕಿತ್ತು.

ನಾನು ಮಂಚದ ಮೇಲೆ ಕೂತೆ. ಒಳಗಡೆ ಎಣ್ಣೆ ಕಾದು, ಸಾಸಿವೆ ಸಿಡಿದು, ಜಜ್ಜಿದ ಬೆಳ್ಳುಳ್ಳಿ ಬಿದ್ದ ಚೊಂಯ್ ಸದ್ದು ಬಂತು. ಹಿಂದೆಯೇ ಘಾಟು ನುಗ್ಗಿತು. ಜಗುಲಿಯ ಮೇಲಿದ್ದ ಅಪ್ಪ ದಡಕ್ಕನೆ ಎದ್ದ. ಅಷ್ಟು ವರ್ಷದ ಅಭ್ಯಾಸ. ಓಡಿಬಂದು ಅಡುಗೆಮನೆ ಕಡೆಯ ಬಾಗಿಲಿಗೆ ಕೈ ಹಾಕಿ ಅರ್ಧ ಎಳೆದೂ ಬಿಟ್ಟ.

ಅಲ್ಲೇ ನಿಂತ. ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಬಾಗಿಲನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿ, ಅದು ಮತ್ತೆ ಮುಚ್ಚಿಕೊಳ್ಳದ ಹಾಗೆ ಒಂದು ಕಲ್ಲು ಒತ್ತಿ ಇಟ್ಟ. ಘಾಟಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು.

"ನನ್ ಮಗಳಿಗೆ ಬೆಳ್ಳುಳ್ಳಿ ಒಸಿ ಜಾಸ್ತೀನೇ ಹಾಕಿ ಅಮ್ಮಾ," ಅಂದ.